ಪುಟ್ಟ ವಿಮಾನಗಳ ಬಿರುಕು: ಪತ್ತೆ ಹೇಗೆ, ದುರಸ್ತಿ ಹೇಗೆ?

2018ರ ಏಪ್ರಿಲ್ 4ರ ಬೆಳಿಗ್ಗೆ. ಅಮೆರಿಕದ ಫ್ಲಾರಿಡಾ ರಾಜ್ಯದ ಡೇಟೋನಾ ಬೀಚ್ ವಿಮಾನ ನಿಲ್ದಾಣದಲ್ಲಿ ಪೈಪರ್ ಕಂಪನಿಯ ಪುಟ್ಟ ತರಬೇತಿ ವಿಮಾನವೊಂದು ರನ್‌ವೇ ಮುಟ್ಟಿ, ನಿಲ್ಲದೆ ಮತ್ತೆ ಮೇಲೇರಿತು. ಕೆಲವೇ ಕ್ಷಣಗಳಲ್ಲಿ ಅದರ ಎಡ ರೆಕ್ಕೆ ಬುಡದಿಂದಲೇ ಕಳಚಿಬಿತ್ತು. ವಿಮಾನದಲ್ಲಿದ್ದ ವಿದ್ಯಾರ್ಥಿ ಪೈಲಟ್ ಮತ್ತು ಪರೀಕ್ಷಕ ಇಬ್ಬರೂ ಸಾವಿಗೀಡಾದರು. ಬಿರುಗಾಳಿ ಇರಲಿಲ್ಲ, ಎಂಜಿನ್ ಕೈಕೊಟ್ಟಿರಲಿಲ್ಲ, ಪೈಲಟ್ ಸಾಹಸಕ್ಕೆ ಇಳಿದಿರಲಿಲ್ಲ. ವಿಮಾನ ತೀರಾ ಹಳೆಯದೂ ಅಲ್ಲ. 2007ರಲ್ಲಿ ತಯಾರಾಗಿದ್ದ ಅದು ಹಾರಿದ್ದು ಸುಮಾರು 7,690 ಗಂಟೆ.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆ ಬೊಟ್ಟು ಮಾಡಿದ್ದು ಒಂದು ಬೋಲ್ಟ್‌ನ ರಂಧ್ರದತ್ತ. ರೆಕ್ಕೆಯ ಭಾರವನ್ನೆಲ್ಲ ಹೊರುವ ಮುಖ್ಯ ತೊಲೆಯ ಕೆಳ ಅಂಚಿನಲ್ಲಿ, ಬೋಲ್ಟ್ ಹಾದುಹೋಗುವ ರಂಧ್ರದ ಬಳಿ ಹುಟ್ಟಿದ ಬಿರುಕು ಯಾರ ಕಣ್ಣಿಗೂ ಬೀಳದೆ ಬೆಳೆದಿತ್ತು. ರೆಕ್ಕೆ ಕಳಚುವ ಹೊತ್ತಿಗೆ ಆ ಅಂಚಿನ ಬಹುಪಾಲು ಸೀಳಿಹೋಗಿತ್ತು. ಅದೇ ಶಾಲೆಯ ಇನ್ನೊಂದು ವಿಮಾನವನ್ನು ಪರೀಕ್ಷಿಸಿದಾಗ ಅದರ ರೆಕ್ಕೆಯ ತೊಲೆಯಲ್ಲೂ ಬಿರುಕು ಸಿಕ್ಕಿತು.

ದೊಡ್ಡ ಪ್ರಯಾಣಿಕ ವಿಮಾನಗಳ ಸುರಕ್ಷತೆಯ ಬಗ್ಗೆ ಚರ್ಚೆಯಾಗುವಷ್ಟು ಎರಡು, ನಾಲ್ಕು, ಆರು ಆಸನಗಳ ಪುಟ್ಟ ವಿಮಾನಗಳ ಬಗ್ಗೆ ಆಗುವುದಿಲ್ಲ. ಆದರೆ ನಾಳೆಯ ಪೈಲಟ್‌ಗಳೆಲ್ಲ ಹಾರಲು ಕಲಿಯುವುದು ಇವುಗಳಲ್ಲೇ. ಇಂಥ ವಿಮಾನಗಳ ಒಡಲಿನಲ್ಲಿ ಬಿರುಕು ಏಕೆ ಹುಟ್ಟುತ್ತದೆ, ಅದನ್ನು ಹೇಗೆ ಪತ್ತೆ ಹಚ್ಚುತ್ತಾರೆ, ಹೇಗೆ ಸರಿಪಡಿಸುತ್ತಾರೆ ಎಂಬುದರ ವಿವರ ಇಲ್ಲಿದೆ.

ಲೋಹಕ್ಕೂ ದಣಿವುಂಟು

ಕಬ್ಬಿಣದ ತಂತಿಯೊಂದನ್ನು ಒಂದು ಸಲ ಬಗ್ಗಿಸಿದರೆ ಮುರಿಯುವುದಿಲ್ಲ. ಅದೇ ಜಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಹತ್ತಾರು ಬಾರಿ ಬಗ್ಗಿಸಿದರೆ ತುಂಡಾಗುತ್ತದೆ. ಒಂದೇಟಿಗೆ ಮುರಿಯಲು ಬೇಕಾದ ಬಲಕ್ಕಿಂತ ಎಷ್ಟೋ ಕಡಿಮೆ ಬಲ ಮತ್ತೆ ಮತ್ತೆ ಬಿದ್ದಾಗ ಲೋಹ ಸೋಲುವ ಈ ಗುಣಕ್ಕೆ ಲೋಹದ ದಣಿವು ಎಂದು ಹೆಸರು. 19ನೇ ಶತಮಾನದಲ್ಲಿ ರೈಲಿನ ಅಚ್ಚುಗಳು ಕಾರಣವಿಲ್ಲದೆ ಮುರಿಯುತ್ತಿದ್ದುದನ್ನು ಅಭ್ಯಾಸ ಮಾಡಿದ ಜರ್ಮನಿಯ ಎಂಜಿನಿಯರ್ ಆಗಸ್ಟ್ ವೋಲರ್ ಇದರ ಶಾಸ್ತ್ರೀಯ ಅಧ್ಯಯನಕ್ಕೆ ನಾಂದಿ ಹಾಡಿದರು.

ವಿಮಾನ ನೆಲದ ಮೇಲಿದ್ದಾಗ ರೆಕ್ಕೆ ತನ್ನ ತೂಕಕ್ಕೆ ಕೆಳಗೆ ಜಗ್ಗುತ್ತದೆ. ಹಾರಿದಾಗ ಗಾಳಿ ಅದನ್ನು ಮೇಲಕ್ಕೆ ಎತ್ತುತ್ತದೆ. ಆಗ ರೆಕ್ಕೆಯ ಕೆಳಭಾಗ ಎಳೆತಕ್ಕೂ ಮೇಲ್ಭಾಗ ಒತ್ತಡಕ್ಕೂ ಸಿಲುಕುತ್ತದೆ. ಪ್ರತಿ ಹಾರಾಟ, ಪ್ರತಿ ತಿರುವು, ಗಾಳಿಯ ಪ್ರತಿ ಕುಲುಕು ರೆಕ್ಕೆಯ ಪಾಲಿಗೆ ತಂತಿಯನ್ನು ಬಗ್ಗಿಸಿದಂತೆಯೇ. ಎಳೆತ ಹೆಚ್ಚಿರುವ ಕೆಳಭಾಗದಲ್ಲೇ ಬಿರುಕು ಹುಟ್ಟುವ ಸಂಭವ ಹೆಚ್ಚು.

ಎಳೆತಕ್ಕೆ ಸಿಲುಕಿದ ಅಗಲವಾದ ತಗಡಿನಲ್ಲಿ ಒಂದು ದುಂಡನೆಯ ರಂಧ್ರವಿದ್ದರೆ ಅದರ ಅಂಚಿನಲ್ಲಿ ಒತ್ತಡ ಉಳಿದೆಡೆಗಿಂತ ಸುಮಾರು 3 ಪಟ್ಟು ಹೆಚ್ಚುತ್ತದೆ. ರಂಧ್ರದ ಬದಲು ಚೂಪಾದ ಮೂಲೆ ಅಥವಾ ಗೀರು ಇದ್ದರೆ ಇನ್ನೂ ಹೆಚ್ಚು. ಬಿರುಕಿನ ತುದಿಯಂತೂ ಎಲ್ಲಕ್ಕಿಂತ ಚೂಪು. ಆದ್ದರಿಂದಲೇ ಒಮ್ಮೆ ಹುಟ್ಟಿದ ಬಿರುಕು ತಾನಾಗಿ ನಿಲ್ಲುವುದು ಅಪರೂಪ. ಉದ್ದವಾದಷ್ಟೂ ಅದರ ವೇಗ ಹೆಚ್ಚುತ್ತದೆ. ವರ್ಷಗಟ್ಟಲೆ ತೆವಳಿದ ಬಿರುಕು ಕೊನೆಯ ಹಂತವನ್ನು ಕೆಲವೇ ಹಾರಾಟಗಳಲ್ಲಿ ಮುಗಿಸಿಬಿಡಬಲ್ಲದು.

ಉಕ್ಕಿಗೂ ಅಲ್ಯೂಮಿನಿಯಂಗೂ ಇಲ್ಲಿ ಒಂದು ಮುಖ್ಯ ವ್ಯತ್ಯಾಸವಿದೆ. ಒತ್ತಡ ಒಂದು ಮಿತಿಯೊಳಗೆ ಇದ್ದರೆ ಉಕ್ಕು ದಣಿಯುವುದೇ ಇಲ್ಲವೆನ್ನಬಹುದು. ಅಲ್ಯೂಮಿನಿಯಂಗೆ ಅಂಥ ಅಭಯವಿಲ್ಲ. ಸಣ್ಣ ಒತ್ತಡವೂ ಸಾಕಷ್ಟು ಬಾರಿ ಮರುಕಳಿಸಿದರೆ ಅದನ್ನು ಒಡೆಯಬಲ್ಲದು. ಪುಟ್ಟ ವಿಮಾನಗಳಲ್ಲಿ ಹೆಚ್ಚಿನವುಗಳ ರೆಕ್ಕೆ ಮತ್ತು ಮೈಗಳು ಅಲ್ಯೂಮಿನಿಯಂ ಮಿಶ್ರಲೋಹದ ತೆಳು ತಗಡಿನವೇ.

ಈ ಪಾಠವನ್ನು ಜಗತ್ತು ಕಲಿತದ್ದು ದೊಡ್ಡ ಬೆಲೆ ತೆತ್ತು. ಜೆಟ್ ಯುಗದ ಮೊದಲ ಪ್ರಯಾಣಿಕ ವಿಮಾನವಾದ ಬ್ರಿಟನ್ನಿನ ಕಾಮೆಟ್ 1954ರ ಜನವರಿ ಮತ್ತು ಏಪ್ರಿಲ್‌ನಲ್ಲಿ ಎರಡು ಬಾರಿ ಆಗಸದಲ್ಲೇ ಒಡೆಯಿತು. ಬಳಿಕ ಫಾರ್ನ್‌ಬರೋದಲ್ಲಿ ಒಂದು ಕಾಮೆಟ್ ವಿಮಾನವನ್ನು ನೀರಿನ ತೊಟ್ಟಿಯಲ್ಲಿಟ್ಟು, ಒಳಗಿನ ಒತ್ತಡವನ್ನು ಏರಿಸಿ ಇಳಿಸಿ ಪರೀಕ್ಷಿಸಲಾಯಿತು. ನಿಜವಾದ ಹಾರಾಟಗಳನ್ನೂ ಸೇರಿಸಿ 3,057ನೆಯ ಸುತ್ತಿನಲ್ಲಿ ಅದರ ಒಡಲು ಬಿರಿಯಿತು.

ಅಷ್ಟಾದರೂ ಪುಟ್ಟ ವಿಮಾನಗಳ ರೆಕ್ಕೆಗೆ ದಣಿವಿನ ಲೆಕ್ಕಾಚಾರ ಕಡ್ಡಾಯವಾಗಲು 1960ರ ದಶಕದ ಕೊನೆಯವರೆಗೆ ಕಾಯಬೇಕಾಯಿತು. ಸೆಸ್ನಾ 172, ಪೈಪರ್ ಚೆರೋಕಿಯಂಥ ಹೆಸರಾಂತ ವಿಮಾನಗಳ ಮೂಲ ವಿನ್ಯಾಸ ಅದಕ್ಕಿಂತ ಹಿಂದಿನದು. ಅವುಗಳ ಸುರಕ್ಷತೆ ಇಂದಿಗೂ ನಿಂತಿರುವುದು ಬಹುಮಟ್ಟಿಗೆ ತಪಾಸಣೆ ಮಾಡುವವರ ಕಣ್ಣು ಮತ್ತು ಕೈಗಳ ಮೇಲೆ.

ಎಲ್ಲೆಲ್ಲಿ ಹುಡುಕಬೇಕು?

ಬಿರುಕು ಎಲ್ಲೆಂದರಲ್ಲಿ ಹುಟ್ಟುವುದಿಲ್ಲ. ಕಂಪನ, ಹೊಡೆತ ಮತ್ತು ಎಳೆತ ಕೇಂದ್ರೀಕೃತವಾಗುವ ಕೆಲವು ಜಾಗಗಳೇ ಅದರ ತವರು. ಅನುಭವಿ ಮೆಕ್ಯಾನಿಕ್‌ಗಳು ಮೊದಲು ನೋಡುವುದು ಇಂಥ ಕಡೆಗಳನ್ನು:

* ಎಂಜಿನ್ ಹೊತ್ತಿರುವ ಉಕ್ಕಿನ ಕೊಳವೆಗಳ ಚೌಕಟ್ಟು, ಅದರಲ್ಲೂ ವೆಲ್ಡಿಂಗ್ ಮಾಡಿದ ಕೀಲುಗಳು.

* ಎಂಜಿನ್ ಮತ್ತು ಪೈಲಟ್ ಕೋಣೆಯ ನಡುವಿನ ಬೆಂಕಿ ತಡೆಗೋಡೆ, ಮೂಗಿನ ಚಕ್ರ ಅದಕ್ಕೆ ಸೇರುವ ಜಾಗ. ಕಲಿಯುವವರು ಧೊಪ್ಪನೆ ಇಳಿಸಿದ ಪ್ರತಿ ಬಾರಿಯೂ ಹೊಡೆತ ಬೀಳುವುದು ಇಲ್ಲಿ.

* ಪ್ರೊಪೆಲ್ಲರ್‌ನ ಮುಂದಿನ ಶಂಕುವಿನಾಕಾರದ ಮುಚ್ಚಳ, ಅದರ ಹಿಂಬದಿಯ ತಟ್ಟೆ, ಎಂಜಿನ್ ಮುಚ್ಚಿಗೆಯ ತಗಡು.

* ರೆಕ್ಕೆಯ ಮುಖ್ಯ ತೊಲೆ, ಅದು ಒಡಲಿಗೆ ಸೇರುವ ಬೋಲ್ಟ್‌ಗಳ ಸುತ್ತ, ರೆಕ್ಕೆಗೆ ಊರೆ ಕೊಡುವ ಕಂಬಗಳ ಎರಡೂ ತುದಿ.

* ಬಾಲದ ಅಡ್ಡರೆಕ್ಕೆಯ ಮುಂದಿನ ತೊಲೆ ಮತ್ತು ಅದನ್ನು ಹಿಡಿದಿರುವ ಕೊಂಡಿಗಳು. ಪ್ರೊಪೆಲ್ಲರ್ ಎಬ್ಬಿಸುವ ಗಾಳಿ ಈ ಭಾಗವನ್ನು ಎಡೆಬಿಡದೆ ಅಲುಗಿಸುತ್ತಿರುತ್ತದೆ.

* ಬಾಗಿಲು, ಕಿಟಕಿಗಳ ಮೂಲೆ. ಚುಕ್ಕಾಣಿ ಮತ್ತಿತರ ಚಲಿಸುವ ಫಲಕಗಳ ತೆಳು ಅಂಚು.

ಎಲ್ಲ ಬಿರುಕಿನ ತೂಕವೂ ಒಂದೇ ಅಲ್ಲ ಎಂಬುದು ಗಮನಾರ್ಹ. ಎಂಜಿನ್ ಮುಚ್ಚಿಗೆಯ ತಗಡಿನಲ್ಲಿ ಒಂದಂಗುಲ ಬಿರುಕು ಬಿಟ್ಟರೆ ಅದು ಕಿರಿಕಿರಿ. ರೆಕ್ಕೆಯ ತೊಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಆ ವಿಮಾನ ಹ್ಯಾಂಗರ್ ಬಿಟ್ಟು ಹೊರಡುವಂತಿಲ್ಲ.

ಮೊದಲ ಸಾಧನ ಕಣ್ಣು

ವಿಮಾನದ ಬಿರುಕುಗಳಲ್ಲಿ ಹೆಚ್ಚಿನವು ಪತ್ತೆಯಾಗುವುದು ಇಂದಿಗೂ ಬರಿಗಣ್ಣಿನಿಂದಲೇ. ಇದಕ್ಕೆ ಬೇಕಾದ ಪರಿಕರಗಳು ಸರಳ: ಪ್ರಖರವಾದ ಟಾರ್ಚ್, 10 ಪಟ್ಟು ಹಿಗ್ಗಿಸಿ ತೋರಿಸುವ ಭೂತಕನ್ನಡಿ, ಹಿಡಿಕೆಯಿರುವ ಪುಟ್ಟ ಕನ್ನಡಿ. ಕೈ ತೂರದ ಜಾಗಗಳಿಗೆ ಬಳುಕುವ ಕೊಳವೆಯ ತುದಿಯಲ್ಲಿ ಕ್ಯಾಮೆರಾ ಇರುವ ಬೋರೋಸ್ಕೋಪ್.

ವಿಮಾನವನ್ನು ತೊಳೆಯುವ ಮೊದಲು ಒಮ್ಮೆ, ತೊಳೆದ ಮೇಲೆ ಇನ್ನೊಮ್ಮೆ ನೋಡಬೇಕೆಂಬುದು ಈ ಕೆಲಸದ ಮೊದಲ ಪಾಠ. ಕೊಳೆಯೂ ಸಾಕ್ಷಿ ಹೇಳುತ್ತದೆ. ಬಿರುಕಿನ ಎರಡು ತುಟಿಗಳು ಉಜ್ಜಿಕೊಂಡಾಗ ಉದುರುವ ಪುಡಿ ಎಣ್ಣೆಯೊಂದಿಗೆ ಬೆರೆತು ಕಪ್ಪು ಗೆರೆಯಾಗಿ ಕಾಣಿಸಿಕೊಳ್ಳುತ್ತದೆ. ಸಡಿಲಗೊಂಡ ರಿವೆಟ್‌ನ ಸುತ್ತಲಿಂದ ಗಾಳಿ ಬೀಸುವ ದಿಕ್ಕಿಗೆ ಹೊಗೆಯ ಬಾಲದಂಥ ಕಪ್ಪು ಕಲೆ ಹರಡುತ್ತದೆ. ಇಂಥದ್ದನ್ನು ಹ್ಯಾಂಗರ್‌ನವರು ಹೊಗೆಯಾಡುವ ರಿವೆಟ್ ಎನ್ನುತ್ತಾರೆ. ರೆಕ್ಕೆಯೊಳಗೆ ಇಂಧನದ ತೊಟ್ಟಿ ಇರುವ ವಿಮಾನಗಳಲ್ಲಿ ಸರಿಪಡಿಸಿದಷ್ಟೂ ಮರುಕಳಿಸುವ ಸೋರಿಕೆ ಕೇವಲ ಸೋರಿಕೆಯಾಗಿರಲಾರದು. ಒಳಗೆ ಏನೋ ಅಲುಗುತ್ತಿದೆ ಎಂಬುದರ ಸೂಚನೆ ಅದು.

ಟಾರ್ಚ್ ಹಿಡಿಯುವುದಕ್ಕೂ ಒಂದು ಕ್ರಮವಿದೆ. ನೇರವಾಗಿ ಬೆಳಕು ಚೆಲ್ಲಿದರೆ ಲೋಹ ಹೊಳೆಯುತ್ತದೆಯೇ ಹೊರತು ಬಿರುಕು ಕಾಣುವುದಿಲ್ಲ. ಮೇಲ್ಮೈಗೆ ಓರೆಯಾಗಿ, ನೋಡುವವರ ಕಡೆಗೆ ಬರುವಂತೆ ಬೆಳಕು ಬಿದ್ದಾಗ ಬಿರುಕು ನೆರಳಿನ ಗೆರೆಯಾಗಿ ಎದ್ದು ಕಾಣುತ್ತದೆ. ಬಣ್ಣದಲ್ಲಿ ಮೂಡಿದ ಸೀಳು ಬಣ್ಣದ್ದೋ ಲೋಹದ್ದೋ ಎಂಬ ಅನುಮಾನ ಬಂದರೆ ಬಣ್ಣ ತೆಗೆದು ನೋಡುವುದೊಂದೇ ದಾರಿ.

ಬಿರುಕಿನ ತುದಿಯನ್ನು ಗುರುತು ಮಾಡಲು ಸೀಸದ ಕಡ್ಡಿ ಬಳಸಕೂಡದು. ಅದರ ಗ್ರಾಫೈಟ್ ಅಲ್ಯೂಮಿನಿಯಂ ಮೇಲೆ ಉಳಿದರೆ ತೇವ ತಾಗಿದಾಗ ಸವಕಳಿ ಶುರುವಾಗುತ್ತದೆ. ಸೂಜಿಯಿಂದ ಗೀಚುವುದಂತೂ ಹೊಸ ಬಿರುಕಿಗೆ ತಾನೇ ಬೀಜ ಬಿತ್ತಿದಂತೆ.

ಕಣ್ಣಿಗೆ ಕಾಣದ್ದನ್ನು ಕಾಣುವ ಬಗೆ

ಡೇಟೋನಾದ ವಿಮಾನದಲ್ಲಿದ್ದಂಥ ಬಿರುಕು ಟಾರ್ಚ್ ಬೆಳಕಿಗೆ ಸಿಗುವುದಿಲ್ಲ. ಅಂಥವನ್ನು ಹುಡುಕಲು ಭಾಗವನ್ನು ಕತ್ತರಿಸದೆ, ಒಡೆಯದೆ ನಡೆಸುವ ಪರೀಕ್ಷೆಗಳಿವೆ. ಮುಖ್ಯವಾದವು ಐದು.

ಬಣ್ಣದ ದ್ರವದ ಪರೀಕ್ಷೆ: ಭಾಗವನ್ನು ಶುಚಿ ಮಾಡಿ ಕೆಂಪು ದ್ರವವನ್ನು ಲೇಪಿಸಲಾಗುತ್ತದೆ. ಅದು ಬಿರುಕಿನೊಳಗೆ ಇಳಿಯಲು ಹತ್ತರಿಂದ ಮೂವತ್ತು ನಿಮಿಷ ಕಾಯಬೇಕು. ಆಮೇಲೆ ಮೇಲ್ಮೈಯನ್ನು ಒರೆಸಿ ಬಿಳಿಯ ಪುಡಿಯನ್ನು ಸಿಂಪಡಿಸಿದರೆ, ಒಳಗೆ ಉಳಿದ ದ್ರವವನ್ನು ಪುಡಿ ಹೀರಿಕೊಂಡು ಕೆಂಪು ಗೆರೆ ಮೂಡುತ್ತದೆ. ಅಗ್ಗದ, ನಂಬಲರ್ಹ ಪರೀಕ್ಷೆ. ಆದರೆ ಮೇಲ್ಮೈಗೆ ಬಾಯಿ ತೆರೆದ ಬಿರುಕನ್ನಷ್ಟೇ ತೋರಿಸುತ್ತದೆ. ಬಣ್ಣ ತೆಗೆಯಲು ಮರಳು ಚಿಮ್ಮಿಸಿದರೆ ಮೆದುವಾದ ಲೋಹ ಹರಡಿ ಬಿರುಕಿನ ಬಾಯಿಯನ್ನೇ ಮುಚ್ಚಿಬಿಡಬಹುದು. ಹೀಗಾಗಿ ರಾಸಾಯನಿಕದಿಂದಲೇ ಬಣ್ಣ ತೆಗೆಯುವುದು ಕ್ಷೇಮ.

ಕಾಂತೀಯ ಪುಡಿಯ ಪರೀಕ್ಷೆ: ಉಕ್ಕಿನ ಭಾಗಗಳಿಗೆ ಮಾತ್ರ. ಭಾಗವನ್ನು ಅಯಸ್ಕಾಂತವಾಗಿಸಿ ಕಬ್ಬಿಣದ ಸೂಕ್ಷ್ಮ ಪುಡಿಯನ್ನು ಹರಡಿದರೆ ಬಿರುಕಿನ ಗುಂಟ ಅದು ಗುಂಪುಗೂಡುತ್ತದೆ. ಪರೀಕ್ಷೆಯ ಬಳಿಕ ಕಾಂತತ್ವವನ್ನು ತೆಗೆಯಲು ಮರೆತರೆ ವಿಮಾನದ ದಿಕ್ಸೂಚಿ ದಾರಿ ತಪ್ಪಿಸೀತು.

ಎಡ್ಡಿ ಕರೆಂಟ್ ಪರೀಕ್ಷೆ: ಪೆನ್ಸಿಲ್ ಗಾತ್ರದ ಸಲಾಕೆಯ ತುದಿಯಲ್ಲಿರುವ ತಂತಿಯ ಸುರುಳಿ ಲೋಹದೊಳಗೆ ಸುಳಿಯಂತೆ ಸುತ್ತುವ ವಿದ್ಯುತ್ ಪ್ರವಾಹವನ್ನು ಹುಟ್ಟಿಸುತ್ತದೆ. ದಾರಿಯಲ್ಲಿ ಬಿರುಕು ಅಡ್ಡ ಬಂದರೆ ಸುಳಿ ಕದಡಿ ಪರದೆಯ ಮೇಲಿನ ಗೆರೆ ಜಿಗಿಯುತ್ತದೆ. ಬೋಲ್ಟ್ ತೆಗೆದು ರಂಧ್ರದೊಳಗೇ ಸಲಾಕೆಯನ್ನು ತಿರುಗಿಸಿ ನೋಡಬಹುದಾದ್ದರಿಂದ ರೆಕ್ಕೆಯ ತೊಲೆಗೆ ಇದು ಹೇಳಿ ಮಾಡಿಸಿದ ವಿಧಾನ. ಆದರೆ ಗೊತ್ತಾದ ಅಳತೆಯ ಗೀರುಗಳಿರುವ ಮಾದರಿ ತುಂಡಿನ ಮೇಲೆ ಉಪಕರಣವನ್ನು ಮೊದಲು ಹೊಂದಿಸಿಕೊಳ್ಳಬೇಕು. ಇದು ತರಬೇತಿ ಪಡೆದು ಅರ್ಹತಾಪತ್ರ ಹೊಂದಿದವರ ಕೆಲಸ.

ಅಲ್ಟ್ರಾಸಾನಿಕ್ ಮತ್ತು ಎಕ್ಸ್-ರೇ: ದಪ್ಪನೆಯ ಭಾಗಗಳ ಒಳಗಿನ ದೋಷಕ್ಕೆ ಶಬ್ದಾತೀತ ತರಂಗ, ಬಿಚ್ಚಲಾಗದ ಜೋಡಣೆಗಳಿಗೆ ಎಕ್ಸ್-ರೇ ಬಳಕೆಯಲ್ಲಿವೆ. ಎಕ್ಸ್-ರೇ ಕಿರಣಗಳ ದಿಕ್ಕಿಗೆ ಅಡ್ಡಲಾಗಿ ಮಲಗಿದ ಬಿರುಕು ಚಿತ್ರದಲ್ಲಿ ಕಾಣದೇ ಹೋಗಬಹುದೆಂಬುದು ಅದರ ಮಿತಿ.

ದುರಸ್ತಿಯ ಮೊದಲ ಪ್ರಶ್ನೆ

ಬಿರುಕು ಸಿಕ್ಕಿತು. ಇನ್ನು ಮುಂದೇನು? ಬೈರಿಗೆ ಎತ್ತಿಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ, ಇದು ಏಕೆ ಹುಟ್ಟಿತು ಎಂಬುದು. ಪ್ರೊಪೆಲ್ಲರ್ ಸಮತೋಲ ತಪ್ಪಿ ಕಂಪಿಸುತ್ತಿದ್ದರೆ ಮುಚ್ಚಿಗೆಯ ತಗಡಿಗೆ ಎಷ್ಟು ತೇಪೆ ಹಾಕಿದರೂ ಪಕ್ಕದಲ್ಲಿ ಮತ್ತೊಂದು ಬಿರುಕು ಹುಟ್ಟುತ್ತದೆ. ಕಾರಣವನ್ನು ಬಿಟ್ಟು ಬಿರುಕನ್ನಷ್ಟೇ ಮುಚ್ಚುವುದು ಜ್ವರದ ಮೂಲ ಹುಡುಕದೆ ಹಣೆಗೆ ತಣ್ಣೀರು ಪಟ್ಟಿ ಕಟ್ಟಿದಂತೆ.

ಎರಡನೆಯ ಪ್ರಶ್ನೆ, ಈ ದುರಸ್ತಿಗೆ ಯಾರ ಒಪ್ಪಿಗೆ ಇದೆ ಎಂಬುದು. ವಿಮಾನದ ಮೈಯಲ್ಲಿ ಮನಸ್ಸಿಗೆ ತೋಚಿದಂತೆ ತೇಪೆ ಹಾಕಲು ಅವಕಾಶವಿಲ್ಲ. ತಯಾರಕರ ದುರಸ್ತಿ ಕೈಪಿಡಿಯಲ್ಲಿ ಇರುವ ವಿಧಾನವನ್ನೇ ಅನುಸರಿಸಬೇಕು. ಕೈಪಿಡಿ ಮೌನವಾಗಿದ್ದರೆ ಅಧಿಕಾರವುಳ್ಳ ವಿನ್ಯಾಸಕಾರರ ಅನುಮೋದನೆ ಬೇಕು. ಪುಟ್ಟ ವಿಮಾನಗಳ ದುರಸ್ತಿಗೆ ಅಮೆರಿಕದ ಫೆಡರಲ್ ವಿಮಾನಯಾನ ಆಡಳಿತ 1998ರಲ್ಲಿ ಹೊರತಂದ 43.13-1ಬಿ ಎಂಬ ಮಾರ್ಗದರ್ಶಿ ಹ್ಯಾಂಗರ್‌ಗಳಲ್ಲಿ ಕೈಗೆಟುಕುವಂತೆ ಇಟ್ಟುಕೊಳ್ಳುವ ಗ್ರಂಥ.

ತುದಿಗೊಂದು ತೂತು

ತೆಳು ತಗಡಿನ ಬಿರುಕಿಗೆ ಎಲ್ಲಕ್ಕಿಂತ ಹಳೆಯ ಉಪಾಯವೆಂದರೆ ಅದರ ತುದಿಯಲ್ಲಿ ಸಣ್ಣ ತೂತು ಕೊರೆಯುವುದು. ಇರುವ ಸೀಳಿಗೆ ಇನ್ನೊಂದು ತೂತನ್ನು ಸೇರಿಸುವುದು ಮೇಲ್ನೋಟಕ್ಕೆ ವಿಚಿತ್ರವೆನಿಸುತ್ತದೆ. ಆದರೆ ಲೆಕ್ಕ ಸರಳ. ಬಿರುಕಿನ ತುದಿ ಚೂಪು, ತೂತು ದುಂಡು. ಚೂಪಾದ ತುದಿಯಲ್ಲಿ ಕಿಕ್ಕಿರಿದಿದ್ದ ಒತ್ತಡ ದುಂಡನೆಯ ಅಂಚಿನ ಸುತ್ತ ಹರಡಿಕೊಂಡು ಬಿರುಕು ಮುಂದುವರಿಯುವ ಬಲ ಕಳೆದುಕೊಳ್ಳುತ್ತದೆ. ತೂತಿನ ವ್ಯಾಸ ಸಾಮಾನ್ಯವಾಗಿ ಎರಡೂವರೆಯಿಂದ ಮೂರು ಮಿಲಿಮೀಟರ್ ಆಸುಪಾಸು.

ಇಲ್ಲೂ ಎಡವುವ ಅವಕಾಶ ಉಂಟು. ಕಣ್ಣಿಗೆ ಕಾಣುವ ತುದಿಗಿಂತ ನಿಜವಾದ ತುದಿ ಸ್ವಲ್ಪ ಮುಂದಿರುತ್ತದೆ. ಬಣ್ಣದ ದ್ರವದಿಂದ ಅದನ್ನು ಖಚಿತಪಡಿಸಿಕೊಳ್ಳದೆ ಕೊರೆದರೆ ತೂತಿನ ಆಚೆ ಬಿರುಕು ತನ್ನ ಪಾಡಿಗೆ ತಾನು ಬೆಳೆಯುತ್ತದೆ. ಕೊರೆದ ಅಂಚಿನ ಚೂರುಗಳನ್ನು ಸವರಿ ನುಣುಪಾಗಿಸದಿದ್ದರೆ ಅಲ್ಲಿಂದಲೇ ಹೊಸ ಬಿರುಕು ಏಳಬಹುದು.

ತೂತು ಬಿರುಕನ್ನು ನಿಲ್ಲಿಸುತ್ತದೆಯೇ ಹೊರತು ಕಳೆದುಹೋದ ಬಲವನ್ನು ಮರಳಿ ಕೊಡುವುದಿಲ್ಲ. ಭಾರ ಹೊರದ ಮುಚ್ಚಿಗೆ, ಮುಚ್ಚಳಗಳಿಗೆ ಕೈಪಿಡಿಯ ಮಿತಿಯೊಳಗೆ ಅಷ್ಟು ಸಾಕಾಗಬಹುದು. ಭಾರ ಹೊರುವ ತಗಡಿಗೆ ಅದು ಪೀಠಿಕೆ ಮಾತ್ರ.

ತೇಪೆ, ವೆಲ್ಡಿಂಗ್, ಬದಲಾವಣೆ

ಭಾರ ಹೊರುವ ತಗಡಿನಲ್ಲಿ ಬಿರುಕು ಬಿಟ್ಟ ಭಾಗವನ್ನು ಕತ್ತರಿಸಿ ತೆಗೆದು, ಮೂಲೆಗಳನ್ನು ದುಂಡಾಗಿಸಿ, ಅದೇ ಮಿಶ್ರಲೋಹದ, ಅಷ್ಟೇ ಅಥವಾ ಒಂದು ಮಟ್ಟ ಹೆಚ್ಚು ದಪ್ಪದ ತಗಡನ್ನು ರಿವೆಟ್‌ಗಳಿಂದ ಜೋಡಿಸಲಾಗುತ್ತದೆ. ರಿವೆಟ್‌ನ ವ್ಯಾಸ ತಗಡಿನ ದಪ್ಪದ ಸುಮಾರು 3 ಪಟ್ಟು, ಎರಡು ರಿವೆಟ್‌ಗಳ ನಡುವೆ ಕನಿಷ್ಠ 3 ವ್ಯಾಸದ ಅಂತರ, ಅಂಚಿನಿಂದ ಕನಿಷ್ಠ 2 ವ್ಯಾಸದಷ್ಟು ದೂರ ಎಂಬುವು ಸಾಮಾನ್ಯ ಅಳತೆಗಳು. ತೇಪೆಯ ಅಡಿಗೆ ತೇವ ಸೇರದಂತೆ ತುಕ್ಕುನಿರೋಧಕ ಲೇಪನ ಕಡ್ಡಾಯ. ಹೆಚ್ಚು ದಪ್ಪದ ತಗಡು ಹಾಕಿದರೆ ಹೆಚ್ಚು ಭದ್ರ ಎಂಬುದು ತಪ್ಪು ತಿಳಿವಳಿಕೆ. ಅತಿ ಬಿಗುವಾದ ತೇಪೆ ಭಾರವನ್ನು ತನ್ನತ್ತ ಸೆಳೆದುಕೊಂಡು ಅಂಚಿನ ರಿವೆಟ್ ಸಾಲಿನಲ್ಲಿ ಹೊಸ ಬಿರುಕು ಹುಟ್ಟಿಸುತ್ತದೆ.

ಅಲ್ಯೂಮಿನಿಯಂ ತಗಡಿನ ಬಿರುಕನ್ನು ವೆಲ್ಡಿಂಗ್ ಮಾಡಿ ಏಕೆ ಬೆಸೆಯಬಾರದು ಎಂಬ ಪ್ರಶ್ನೆ ಸಹಜ. ವಿಮಾನದ ತಗಡಿಗೆ ಬಳಸುವ 2024ರಂಥ ಮಿಶ್ರಲೋಹಗಳಿಗೆ ಶಕ್ತಿ ಬಂದಿರುವುದು ಲೆಕ್ಕ ಹಾಕಿ ಕೊಟ್ಟ ಶಾಖೋಪಚಾರದಿಂದ. ವೆಲ್ಡಿಂಗ್‌ನ ಉರಿ ಆ ಸಂಸ್ಕಾರವನ್ನೆಲ್ಲ ಅಳಿಸಿಹಾಕುತ್ತದೆ. ಬೆಸುಗೆ ಅಂದವಾಗಿ ಕಂಡರೂ ಅದರ ಸುತ್ತ ಲೋಹ ಬಲಹೀನವಾಗಿರುತ್ತದೆ.

ಉಕ್ಕಿನ ಕೊಳವೆಗಳ ಚೌಕಟ್ಟಿನದು ಬೇರೆ ಕಥೆ. 4130 ಎಂಬ ಕ್ರೋಮಿಯಂ-ಮಾಲಿಬ್ಡಿನಂ ಉಕ್ಕು ವೆಲ್ಡಿಂಗ್‌ಗೆ ಒಗ್ಗುತ್ತದೆ. ಬಿರುಕಿನ ಮೇಲೆ ಬರಿದೆ ಬೆಸುಗೆ ಸುರಿಯದೆ, ಕೊಳವೆಯ ಸುತ್ತ ಇನ್ನೊಂದು ತೋಳನ್ನು ತೊಡಿಸಿ ಬೆಸೆಯುವುದು ಕ್ರಮ. ತೋಳಿನ ತುದಿಗಳನ್ನು ನೇರವಾಗಿ ಕತ್ತರಿಸದೆ ಮೀನಿನ ಬಾಯಿಯ ಆಕಾರದಲ್ಲಿ ಕತ್ತರಿಸುತ್ತಾರೆ. ಬೆಸುಗೆಯ ಗೆರೆ ಕೊಳವೆಗೆ ಒಂದೇ ಕಡೆ ಅಡ್ಡ ಬಾರದೆ ಉದ್ದಕ್ಕೂ ಹಂಚಿಹೋಗಲಿ ಎಂಬುದು ಉದ್ದೇಶ.

ಗಾಜಿನ ಅಥವಾ ಕಾರ್ಬನ್ ನಾರಿನ ವಿಮಾನಗಳಲ್ಲಿ ತೊಂದರೆಯ ಸ್ವರೂಪವೇ ಬೇರೆ. ಅಲ್ಲಿ ಪದರಗಳು ಒಂದರಿಂದೊಂದು ಬಿಟ್ಟುಕೊಳ್ಳುತ್ತವೆ. ನಾಣ್ಯದಿಂದ ತಟ್ಟುತ್ತ ಹೋದರೆ ಗಟ್ಟಿ ಜಾಗ ಖಣಿಲೆಂದೂ ಬಿಟ್ಟುಕೊಂಡ ಜಾಗ ಮಂದವಾಗಿಯೂ ದನಿಗೊಡುತ್ತದೆ. ತೆಂಗಿನಕಾಯಿಯನ್ನು ತಟ್ಟಿ ಆರಿಸುವವರಿಗೆ ಈ ವಿದ್ಯೆ ಅಪರಿಚಿತವಲ್ಲ. ಕೆಟ್ಟ ಪದರಗಳನ್ನು ಇಳಿಜಾರಾಗಿ ಉಜ್ಜಿ ತೆಗೆದು ರಾಳದಲ್ಲಿ ಅದ್ದಿದ ಹೊಸ ಪದರಗಳನ್ನು ಒಂದರ ಮೇಲೊಂದು ಕೂರಿಸುವುದು ಇದರ ದುರಸ್ತಿ.

ಮುಖ್ಯ ತೊಲೆ, ಚಕ್ರದ ಆಧಾರ, ರೆಕ್ಕೆಯ ಕೊಂಡಿ ಮುಂತಾದ ಜೀವನಾಡಿ ಭಾಗಗಳಲ್ಲಿ ಬಿರುಕು ಕಂಡರೆ ಬಹುತೇಕ ಸಂದರ್ಭಗಳಲ್ಲಿ ಉತ್ತರ ಒಂದೇ: ಆ ಭಾಗವನ್ನೇ ಬದಲಾಯಿಸುವುದು.

ತಪ್ಪು ದುರಸ್ತಿಯ ಬೆಲೆ

ಬಿರುಕನ್ನು ಕಾಣದಿರುವುದು ಒಂದು ಅಪಾಯ. ಕಂಡು, ಸರಿಪಡಿಸಿದ್ದೇವೆಂದು ನಂಬುವುದು ಅದಕ್ಕಿಂತ ದೊಡ್ಡ ಅಪಾಯ.

2005ರ ಡಿಸೆಂಬರ್ 19ರಂದು ಅಮೆರಿಕದ ಮಯಾಮಿಯಿಂದ ಬಹಾಮಾಸ್‌ನ ಬಿಮಿನಿ ದ್ವೀಪಕ್ಕೆ ಹೊರಟ ಚಾಕ್ಸ್ ಓಷನ್ ಏರ್‌ವೇಸ್‌ನ ಗ್ರಮ್ಮನ್ ಮಲ್ಲಾರ್ಡ್ ಜಲವಿಮಾನದ ಬಲ ರೆಕ್ಕೆ ಮೇಲೇರಿದ ಸ್ವಲ್ಪ ಹೊತ್ತಿನಲ್ಲೇ ಕಳಚಿ, ಅದರಲ್ಲಿದ್ದ 20 ಮಂದಿಯೂ ಮೃತಪಟ್ಟರು. 1947ರಲ್ಲಿ ತಯಾರಾಗಿದ್ದ ಆ ವಿಮಾನದ ರೆಕ್ಕೆಗಳಲ್ಲಿ ಇಂಧನ ಸೋರಿಕೆ ಪದೇ ಪದೇ ಕಾಣಿಸಿಕೊಂಡಿತ್ತು. ದುರಸ್ತಿಗಳೂ ನಡೆದಿದ್ದವು. ಆದರೆ ಒಳಗಿನ ದಣಿವಿನ ಬಿರುಕುಗಳನ್ನು ಗುರುತಿಸಿ ಸರಿಯಾಗಿ ದುರಸ್ತಿ ಮಾಡುವಲ್ಲಿ ಸಂಸ್ಥೆಯ ನಿರ್ವಹಣಾ ವ್ಯವಸ್ಥೆ ವಿಫಲವಾಯಿತು, ಅದನ್ನು ಗಮನಿಸುವಲ್ಲಿ ವಿಮಾನಯಾನ ಆಡಳಿತವೂ ವಿಫಲವಾಯಿತು ಎಂದು ತನಿಖಾ ಮಂಡಳಿ ತೀರ್ಮಾನಿಸಿತು.

ದೊಡ್ಡ ವಿಮಾನಗಳ ಇತಿಹಾಸದಲ್ಲೂ ಇದೇ ಪಾಠವಿದೆ. 1985ರ ಆಗಸ್ಟ್ 12ರಂದು 520 ಮಂದಿಯನ್ನು ಬಲಿ ತೆಗೆದುಕೊಂಡ ಜಪಾನ್ ಏರ್‌ಲೈನ್ಸ್ ದುರಂತದ ಮೂಲ 1978ರಲ್ಲಿ ಬಾಲ ನೆಲಕ್ಕೆ ತಗುಲಿದ ಬಳಿಕ ನಡೆದ ದುರಸ್ತಿ. ಎರಡು ಸಾಲು ರಿವೆಟ್‌ಗಳು ಹೊರಬೇಕಿದ್ದ ಭಾರ ಒಂದೇ ಸಾಲಿನ ಮೇಲೆ ಬಿದ್ದಿತ್ತು. 2002ರ ಮೇ 25ರಂದು 225 ಮಂದಿ ಸತ್ತ ಚೀನಾ ಏರ್‌ಲೈನ್ಸ್ ಅವಘಡಕ್ಕೆ 1980ರಲ್ಲಿ ಗೀರುಗಳನ್ನು ತೆಗೆಯದೆ ಅವುಗಳ ಮೇಲೆಯೇ ಹಾಕಿದ್ದ ತೇಪೆ ಕಾರಣವಾಯಿತು. ತೇಪೆ ಬಿರುಕನ್ನು ವಾಸಿ ಮಾಡಲಿಲ್ಲ, ಮರೆಮಾಡಿತು.

ಬಿಚ್ಚುವುದೇ, ಬಿಡುವುದೇ?

ತಪಾಸಣೆ ಹೆಚ್ಚಿದಷ್ಟೂ ಸುರಕ್ಷತೆ ಹೆಚ್ಚುತ್ತದೆಯೇ? ಉತ್ತರ ಅಷ್ಟು ಸುಲಭವಲ್ಲ ಎಂಬುದಕ್ಕೆ ಪೈಪರ್ ವಿಮಾನಗಳ ಕಥೆಯೇ ನಿದರ್ಶನ. 1987ರಲ್ಲಿ ಟೆಕ್ಸಾಸ್‌ನಲ್ಲಿ ಕೊಳವೆಮಾರ್ಗದ ಗಸ್ತಿನಲ್ಲಿದ್ದ ಅದೇ ಕುಟುಂಬದ ವಿಮಾನವೊಂದರ ರೆಕ್ಕೆ ಕಳಚಿತ್ತು. ತಕ್ಷಣ ತಪಾಸಣೆಯ ಆದೇಶ ಹೊರಟಿತು. ರೆಕ್ಕೆ ಬಿಚ್ಚಿ ನೋಡಿದ ವಿಮಾನಗಳಲ್ಲಿ ಬಿರುಕು ಸಿಕ್ಕಿದ್ದು ಬೆರಳೆಣಿಕೆಗೂ ಕಡಿಮೆ. ಕೊನೆಗೆ ಆದೇಶವನ್ನು ಹಿಂಪಡೆಯಲಾಯಿತು. ಬಿಗಿಯಾಗಿ ಕೂತ ಬೋಲ್ಟ್‌ಗಳನ್ನು ಎಳೆದು ತೆಗೆಯುವಾಗ ರಂಧ್ರದೊಳಗೆ ಬೀಳುವ ಗೀರು ಹೊಸ ಬಿರುಕಿಗೆ ದಾರಿಯಾಗಬಹುದು ಎಂಬ ಆತಂಕವೂ ನಿರಾಧಾರವಲ್ಲ.

ಡೇಟೋನಾ ಅವಘಡದ ಬಳಿಕ ಪ್ರಶ್ನೆ ಮತ್ತೆ ಮೇಲೆದ್ದಿತು. 2021ರ ಫೆಬ್ರುವರಿಯಲ್ಲಿ ಜಾರಿಗೆ ಬಂದ ಹೊಸ ಆದೇಶ ಎಲ್ಲ ವಿಮಾನಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲಿಲ್ಲ. ತರಬೇತಿ, ಬಾಡಿಗೆಯಂಥ ಬಳಕೆಯ ಗಂಟೆಗಳನ್ನು ಪೂರ್ತಿಯಾಗಿಯೂ, ಖಾಸಗಿ ಹಾರಾಟದ ಗಂಟೆಗಳನ್ನು 17ರಿಂದ ಭಾಗಿಸಿಯೂ ಲೆಕ್ಕ ಹಾಕಿ, ಮೊತ್ತ 5,000 ದಾಟಿದ ವಿಮಾನಗಳಿಗೆ ಬೋಲ್ಟ್ ರಂಧ್ರಗಳ ಎಡ್ಡಿ ಕರೆಂಟ್ ಪರೀಕ್ಷೆಯನ್ನು ಕಡ್ಡಾಯಗೊಳಿಸಿತು. ಬಿರುಕು ಸಿಕ್ಕರೆ ತೊಲೆಯನ್ನು ಬದಲಿಸಬೇಕು. ನೆಲಕ್ಕೆ ಸಮೀಪದಲ್ಲಿ ದಿನವಿಡೀ ಏರಿ ಇಳಿಯುವ ತರಬೇತಿ ವಿಮಾನದ ಒಂದು ಗಂಟೆ, ಭಾನುವಾರ ಮಾತ್ರ ಹಾರುವ ಖಾಸಗಿ ವಿಮಾನದ ಒಂದು ಗಂಟೆಗೆ ಸಮವಲ್ಲ ಎಂಬ ಸತ್ಯ ಹೀಗೆ ನಿಯಮದಲ್ಲಿ ದಾಖಲಾಯಿತು.

ಬಳಕೆಯ ಬಗೆ ಎಷ್ಟು ಮುಖ್ಯವೆಂಬುದಕ್ಕೆ ಆಸ್ಟ್ರೇಲಿಯಾದಲ್ಲೂ ಉದಾಹರಣೆ ಸಿಗುತ್ತದೆ. 2019ರ ಮೇ 26ರಂದು ಮೌಂಟ್ ಐಸಾ ಬಳಿ ನೆಲಕ್ಕೆ ತಾಗುವಂತೆ ಹಾರುತ್ತ ಭೂಸರ್ವೇಕ್ಷಣೆ ನಡೆಸುತ್ತಿದ್ದ ಸೆಸ್ನಾ 210 ವಿಮಾನದ ರೆಕ್ಕೆ ಕಳಚಿ ಇಬ್ಬರು ಪೈಲಟ್‌ಗಳು ಸತ್ತರು. ಒಡಲನ್ನು ಅಡ್ಡಹಾಯ್ದು ಎರಡೂ ರೆಕ್ಕೆಗಳನ್ನು ಹಿಡಿದಿದ್ದ ತೊಲೆಯಲ್ಲಿ ಸವಕಳಿಯಿಂದಾದ ಸಣ್ಣ ಗುಳಿಯೇ ಬಿರುಕಿನ ಮೂಲವಾಗಿತ್ತು. 2020ರಲ್ಲಿ ಆ ಮಾದರಿಯ ವಿಮಾನಗಳಿಗೂ ತಪಾಸಣೆಯ ಆದೇಶ ಹೊರಟಿತು.

ನಮ್ಮಲ್ಲಿ ಹೇಗೆ?

ಭಾರತದಲ್ಲಿ ವಿಮಾನಗಳ ಹಾರಾಟ ಯೋಗ್ಯತೆಯ ಹೊಣೆ ನಾಗರಿಕ ವಿಮಾನಯಾನ ಮಹಾ ನಿರ್ದೇಶನಾಲಯದ್ದು. ವಿಮಾನ ವಿನ್ಯಾಸಗೊಂಡ ದೇಶ ಹೊರಡಿಸುವ ಕಡ್ಡಾಯ ತಪಾಸಣೆಯ ಆದೇಶಗಳು ಇಲ್ಲಿ ನೋಂದಾಯಿತವಾದ ಅದೇ ಮಾದರಿಗೂ ಅನ್ವಯಿಸುತ್ತವೆ. ದುರಸ್ತಿ ಮುಗಿದ ಮೇಲೆ ಪರವಾನಗಿ ಹೊಂದಿದ ಎಂಜಿನಿಯರ್ ಸಹಿ ಮಾಡಿದರಷ್ಟೇ ವಿಮಾನ ಮರಳಿ ಸೇವೆಗೆ.

ಕರ್ನಾಟಕಕ್ಕೆ ಈ ವಿಷಯ ಹೊಸತಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿರುವ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಸ್ವಾತಂತ್ರ್ಯಾನಂತರದ ಆರಂಭದ ವರ್ಷಗಳಿಂದಲೂ ಪುಟ್ಟ ವಿಮಾನಗಳಲ್ಲಿ ಪೈಲಟ್‌ಗಳನ್ನು ತಯಾರು ಮಾಡುತ್ತ ಬಂದ ಸಂಸ್ಥೆ. ನಗರದ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವನ್ನು (ಎನ್‌ಎಎಲ್) 1965ರಿಂದ 1984ರವರೆಗೆ ಮುನ್ನಡೆಸಿದ ಎಸ್.ಆರ್. ವಲ್ಲೂರಿ ಲೋಹದ ದಣಿವಿನ ಅಧ್ಯಯನದಲ್ಲೇ ಹೆಸರು ಮಾಡಿದವರು. ಅದೇ ಪ್ರಯೋಗಾಲಯ ರೂಪಿಸಿದ, 1993ರಲ್ಲಿ ಮೊದಲ ಬಾರಿಗೆ ಹಾರಿದ ಎರಡು ಆಸನಗಳ ಹಂಸ ವಿಮಾನದ ಒಡಲು ನಾರು ಮತ್ತು ರಾಳದ್ದು. ಅದರ ಹೊಸ ಆವೃತ್ತಿ 2021ರ ಸೆಪ್ಟೆಂಬರ್‌ನಲ್ಲಿ ಮೊದಲ ಹಾರಾಟ ನಡೆಸಿತು. ಇಂಥ ವಿಮಾನಗಳು ಹೆಚ್ಚಿದಂತೆ ಟಾರ್ಚ್ ಹಿಡಿದ ಮೆಕ್ಯಾನಿಕ್ ತಟ್ಟಿ ಕೇಳುವ ವಿದ್ಯೆಯನ್ನೂ ಕಲಿಯಬೇಕಾಗುತ್ತದೆ.

ಪೈಲಟ್‌ಗಳಿಗೆ, ಮಾಲೀಕರಿಗೆ

ಬಿರುಕು ಹುಡುಕುವುದು ಮೆಕ್ಯಾನಿಕ್‌ಗಳ ಕೆಲಸ ಮಾತ್ರವಲ್ಲ. ವಿಮಾನದೊಂದಿಗೆ ದಿನವೂ ಒಡನಾಡುವವರು ಗಮನಿಸಬಹುದಾದ ಸಂಗತಿಗಳು ಹಲವು:

* ಹಾರಾಟಕ್ಕೆ ಮುನ್ನ ವಿಮಾನದ ಸುತ್ತ ನಡೆಯುವಾಗ ಕೈಯಿಂದ ಮುಟ್ಟಿ ನೋಡಬೇಕು. ನಿನ್ನೆ ಇಲ್ಲದ ಅಲುಗಾಟ, ಸುಕ್ಕು, ಕಪ್ಪು ಗೆರೆ ಇಂದು ಕಂಡರೆ ಹೇಳಬೇಕು.

* ಜೋರಾಗಿ ಇಳಿಸಿದ್ದನ್ನು ಅಥವಾ ತೀವ್ರ ಕುಲುಕಾಟಕ್ಕೆ ಸಿಕ್ಕಿದ್ದನ್ನು ಸಂಕೋಚದಿಂದ ಮುಚ್ಚಿಡಬಾರದು. ಅಂಥ ಘಟನೆಗಳ ಬಳಿಕ ವಿಶೇಷ ತಪಾಸಣೆ ನಡೆಯಬೇಕೆಂಬ ನಿಯಮ ಇರುವುದೇ ಅದಕ್ಕಾಗಿ.

* ಹಳೆಯ ವಿಮಾನ ಕೊಳ್ಳುವವರು ಬಣ್ಣಕ್ಕೆ ಮರುಳಾಗದೆ ದಾಖಲೆ ಪುಸ್ತಕ ಓದಬೇಕು. ಎಷ್ಟು ಗಂಟೆ ಎಂಬುದರ ಜೊತೆಗೆ ಯಾವ ಕೆಲಸಕ್ಕೆ ಎಂಬುದನ್ನೂ ನೋಡಬೇಕು.

* ಒಂದೇ ಜಾಗದಲ್ಲಿ ಎರಡನೆಯ ಬಾರಿ ದುರಸ್ತಿ ಬೇಕಾದರೆ ಕಾರಣ ಸಿಗುವವರೆಗೆ ವಿಮಾನವನ್ನು ನಿಲ್ಲಿಸಬೇಕು.

ತಪಾಸಣೆಗೆ ಹಣ ಬೇಕು. ವಿಮಾನ ಹ್ಯಾಂಗರ್‌ನಲ್ಲಿ ನಿಂತಷ್ಟು ದಿನ ಶಾಲೆಗೆ ಆದಾಯವಿಲ್ಲ, ವಿದ್ಯಾರ್ಥಿಗೆ ಹಾರಾಟದ ಗಂಟೆಗಳಿಲ್ಲ. ಇನ್ನೊಂದು ವಾರ ಹಾರಲಿ, ಆಮೇಲೆ ನೋಡೋಣ ಎಂಬ ಮಾತು ಹುಟ್ಟುವುದು ಈ ಒತ್ತಡದಲ್ಲೇ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತುವ ಸ್ಥಿತಿ ತಂದುಕೊಳ್ಳಬಾರದೆಂಬ ನಾಣ್ನುಡಿ ನೆಲದ ಮೇಲಿನ ಬದುಕಿಗೆ ಹೊಂದುತ್ತದೆ. ಆಗಸದಲ್ಲಿ ಕೊಡಲಿ ಎತ್ತಲೂ ಸಮಯ ಸಿಗುವುದಿಲ್ಲ.